ಗುಡ್ಡದ ಹುಲ್ಲಿಗೆ ಸಣ್ಣ ಟ್ರ್ಯಾಕ್ಟರ್: ನಾಲ್ಕಡಿಗೆ ಒಂದಡಿ, ಮೀರಿದರೆ ಕುಡುಗೋಲೇ ಗತಿ

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಿಂದ ಗುಡೇಕೋಟೆ ಕಡೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಕಲ್ಲುಗುಡ್ಡದ ಬುಡದಲ್ಲೇ ಹೊಲಗಳಿವೆ. ಮಳೆ ಮುಗಿಯುವ ಹೊತ್ತಿಗೆ ಬದು, ಬೀಳುಗಳ ಮೇಲೆ ಹುಲ್ಲು ಸೊಂಟದೆತ್ತರ ನಿಂತಿರುತ್ತದೆ. ಬೇಸಿಗೆಗೆ ದನಕ್ಕೆ ಅದೇ ಆಸರೆ. ಕೊಯ್ಯಲು ಆಳು ಸಿಗುವುದಿಲ್ಲ. ಹಾಗಾಗಿ ಸಣ್ಣ ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸುವ ಮಿಷನ್ ಕಟ್ಟುವ ಯೋಚನೆ ಬರುತ್ತದೆ. ಒಳ್ಳೆಯದೇ. ಆದರೆ "ಏನಾಗತೈತಿ ಬಿಡಣ್ಣ, ಸಣ್ಣ ಗಾಡಿ, ಎಲ್ಲಿ ಬೇಕಾದ್ರೂ ಹತ್ತತೈತಿ" ಎಂಬ ಮಾತಿದೆಯಲ್ಲ, ಅಪಾಯ ಇರುವುದು ಅಲ್ಲೇ.

ಸಣ್ಣ ಗಾಡಿಯ ಗಾಲಿಗಳು ಹತ್ತಿರ ಹತ್ತಿರ. ಹಿಂದಿನ ಗಾಲಿಗಳ ನಡುವೆ ಮೂರಡಿ, ಗಾಡಿಯ ಭಾರ ನೆಲದಿಂದ ಎರಡಡಿ ಎತ್ತರದಲ್ಲಿ ಎಂದಿಟ್ಟುಕೊಳ್ಳಿ. ಲೆಕ್ಕದ ಪ್ರಕಾರ 37 ಡಿಗ್ರಿ ಇಳಿಜಾರಿನವರೆಗೂ ಅದು ಅಡ್ಡಲಾಗಿ ನಿಲ್ಲಬೇಕು. ಆದರೆ ಇದು ನಿಂತ ಗಾಡಿಯ ಲೆಕ್ಕ. ಮೇಲಿನ ಗಾಲಿ ಅರ್ಧ ಅಡಿ ಕಲ್ಲು ಹತ್ತಿ, ಕೆಳಗಿನದು ಅರ್ಧ ಅಡಿ ಗುಂಡಿಗೆ ಇಳಿದರೆ ಸುಮಾರು 18 ಡಿಗ್ರಿ ಅಲ್ಲೇ ಹೋಯಿತು. ಉಳಿದದ್ದು 19. ವೇಗ, ತಿರುವು, ಇಬ್ಬನಿ ಹುಲ್ಲಿನ ಜಾರು ಬೇರೆ. ಆದ್ದರಿಂದ 15 ಡಿಗ್ರಿ ದಾಟಬಾರದು.

ಡಿಗ್ರಿ ಅಳೆಯುವುದು ಹೇಗೆ? ನಾಲ್ಕಡಿ ಉದ್ದದ ಮರದ ಪಟ್ಟಿಯ ಒಂದು ತುದಿಯನ್ನು ಇಳಿಜಾರಿಗೆ ಊರಿ, ಮಟ್ಟವಾಗಿ ಹಿಡಿಯಿರಿ. ಮೇಲೆ ಮಲಗಿಸಿದ ಅರ್ಧ ತುಂಬಿದ ನೀರಿನ ಬಾಟ್ಲಿಯೇ ಮಟ್ಟಗೋಲು. ಇನ್ನೊಂದು ತುದಿಯ ಕೆಳಗೆ ಒಂದಡಿಗಿಂತ ಹೆಚ್ಚು ಸಂದು ಕಂಡರೆ ಅಲ್ಲಿಗೆ ಟ್ರ್ಯಾಕ್ಟರ್ ಬೇಡ. ಅದು ಕುಡುಗೋಲಿನ ಜಾಗ.

ಒಂದಡಿ ಒಳಗಿದ್ದರೂ ಅಡ್ಡ ಓಡಿಸಬೇಡಿ. ಸುತ್ತು ದಾರಿಯಿಂದ ಮೇಲೆ ಹೋಗಿ, ಇಳಿಯುತ್ತಾ ಕೊಯ್ಯಿರಿ. ಮೇಲೇ ಸಣ್ಣ ಗೇರ್ ಹಾಕಿಕೊಳ್ಳಿ; ನಡುವೆ ಕ್ಲಚ್ ಒತ್ತಿದರೆ ಗಾಡಿ ನಿಮ್ಮ ಮಾತು ಕೇಳುವುದಿಲ್ಲ. ಎರಡೂ ಬ್ರೇಕ್ ಪೆಡಲ್‌ಗಳನ್ನು ಒಂದಕ್ಕೊಂದು ಸೇರಿಸಿ ಕೊಂಡಿ ಹಾಕಿರಿ. ಮಿಷನ್ ನೆಲಕ್ಕೆ ಹತ್ತಿರವಿರಲಿ. ಹಳ್ಳದ ಅಂಚಿನಿಂದ ಹಳ್ಳದ ಆಳದಷ್ಟಾದರೂ ದೂರವಿರಿ. ಮಿಷನ್ನಿನ ಬ್ಲೇಡು ಕಲ್ಲನ್ನು ಗುಂಡಿನಂತೆ ಎಸೆಯುತ್ತದೆ, ಹತ್ತಿರ ಯಾರೂ ನಿಲ್ಲಬಾರದು. ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸುವ ಚಾಳಿಯಂತೂ ಇಂದೇ ನಿಲ್ಲಲಿ.

ಇಷ್ಟಾದರೂ ಗಾಡಿ ಪಲ್ಟಿಯಾದರೆ? ಮುಂದಿನ ಗಾಲಿ ಎದ್ದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು. ಹಾರುವ ಹೊತ್ತಲ್ಲ ಅದು. ಕಾಪಾಡುವುದು ಸೀಟಿನ ಹಿಂದಿನ ಕಬ್ಬಿಣದ ಕಮಾನು ಮತ್ತು ಸೊಂಟದ ಬೆಲ್ಟು, ಎರಡೂ ಜೊತೆಗೆ. ಕಮಾನಿಲ್ಲದ ಗಾಡಿಯಲ್ಲಿ ಬೆಲ್ಟು ಕಟ್ಟಬಾರದು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣೆಯನ್ನು 1959ರಲ್ಲೇ ಕಡ್ಡಾಯ ಮಾಡಿತು. ಆಮೇಲೆ ಅಲ್ಲಿ ಪಲ್ಟಿಯ ಸಾವುಗಳು ಬಹುಮಟ್ಟಿಗೆ ನಿಂತವು.

ನಮ್ಮಲ್ಲಿ? ಮರದ ಕೊಂಬೆ ತಾಗುತ್ತದೆಂದು ಕಮಾನು ಬಿಚ್ಚಿಟ್ಟರೆ ಅದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಗಾಡಿ ಮಾರುವವರು, ಬಾಡಿಗೆಗೆ ಕೊಡುವವರು ಕೀಲಿಕೈ ಜೊತೆ ಈ ನಾಲ್ಕು ಮಾತನ್ನೂ ಹೇಳಿಕೊಡಬಾರದೇ? ಸಂಜೆ ಬಸ್ಸಿನಲ್ಲಿ ಇದನ್ನು ಓದುತ್ತಿರುವ ಯಜಮಾನರೇ, ಮನೆಯಲ್ಲಿ ಗಾಡಿ ಹತ್ತುವ ಮಗನಿದ್ದರೆ ಊಟಕ್ಕೆ ಕೂತಾಗ ಹೇಳಿ. ಹುಲ್ಲು ಮುಂದಿನ ಮಳೆಗೆ ಮತ್ತೆ ಬೆಳೆಯುತ್ತದೆ.