ಹಬ್ ಅನ್ನು ಬೈಯುವ ಮೊದಲು: ಕಪ್ಪು ಸ್ಕ್ರೀನ್‌ಶಾಟ್ ಹುಟ್ಟುವುದೆಲ್ಲಿ?

ಬಸವಕಲ್ಯಾಣ, ಹುಮನಾಬಾದಿನ ಆನ್‌ಲೈನ್ ಸೆಂಟರ್‌ಗಳ ಮೇಜಿನ ಮೇಲೆ ಎರಡು ಪರದೆ ಇಟ್ಟುಕೊಳ್ಳುವುದು ಈಗ ಅಪರೂಪವೇನಲ್ಲ. ಲ್ಯಾಪ್‌ಟಾಪ್ ಅರ್ಜಿ ತುಂಬುವವರ ಕಡೆಗೆ, ಮಾನಿಟರ್ ಗಿರಾಕಿಯ ಕಡೆಗೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಓಡಾಡುವ ಸೀಮೆಯಲ್ಲಿ ಹೆಸರಿನ ಕಾಗುಣಿತವನ್ನು ಗಿರಾಕಿಯೇ ನೋಡಿ ಹೂಂ ಅನ್ನಬೇಕು. ಆಧಾರ್‌ನಲ್ಲಿ ಒಂದು ಥರ, ಪಹಣಿಯಲ್ಲಿ ಇನ್ನೊಂದು ಥರ ಆಯಿತೋ, ಅಲೆದಾಟ ತಪ್ಪಿದ್ದಲ್ಲ. ಎರಡು ಪರದೆಗಳ ನಡುವೆ, ಲ್ಯಾಪ್‌ಟಾಪನ್ನು ಮಾನಿಟರಿಗೆ ಜೋಡಿಸುವ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಹಬ್. ಅರ್ಜಿ ಹೋದ ಮೇಲೆ ಸ್ವೀಕೃತಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿಗೆ ಹಾಕುವುದು ರೂಢಿ. ತೊಂದರೆ ಕಾಣಿಸಿಕೊಳ್ಳುವುದು ಅಲ್ಲಿಯೇ.

“ಸರ್, ಫೋಟೋ ಕರ್ರಗ ಬರ್ಲತದ್ರಿ. ಹೊಸಾ ಹಬ್ ಹಾಕ್ದಾಗಿಂದ ಹಿಂಗೇ ಆಗ್ಯಾದ.”

ಹಬ್ ವಾಪಸು ಹೋಗುತ್ತದೆ, ಇನ್ನೊಂದು ಬರುತ್ತದೆ. ಫೋಟೋ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಯಾಕೆಂದರೆ ಹೆಚ್ಚಿನ ಸಲ ತಪ್ಪು ಹಬ್‌ನದಲ್ಲ. ಹಬ್ ಬಂದದ್ದರಿಂದ ಲ್ಯಾಪ್‌ಟಾಪಿನ ಒಳಗೆ ಏನೋ ಬದಲಾಗಿರುತ್ತದೆ, ತಪ್ಪು ಅಲ್ಲಿರುತ್ತದೆ. ಈ ಅಧ್ಯಾಯದ ಹೂರಣ ಇಷ್ಟೇ. ಆದರೆ ಇಷ್ಟನ್ನು ಒಪ್ಪಿಸುವುದೇ ಕಷ್ಟ, ಯಾಕೆಂದರೆ ಸ್ಕ್ರೀನ್‌ಶಾಟ್ ಎಂದರೆ ಪರದೆಯ ಫೋಟೋ ಎಂದೇ ಎಲ್ಲರೂ ನಂಬಿದ್ದಾರೆ.

ಪರದೆಯನ್ನು ಯಾರೂ ನೋಡುವುದಿಲ್ಲ

ಲ್ಯಾಪ್‌ಟಾಪ್ ಪ್ರತಿ ಪರದೆಯ ಚಿತ್ರವನ್ನು ಮೊದಲು ತನ್ನ ಮೆಮೊರಿಯಲ್ಲಿ ಪೂರ್ತಿ ಬರೆದುಕೊಳ್ಳುತ್ತದೆ. ಆ ಜಾಗಕ್ಕೆ ಫ್ರೇಮ್‌ಬಫರ್ ಎನ್ನುತ್ತಾರೆ. ಫುಲ್ ಎಚ್‌ಡಿ ಪರದೆಯಾದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳು. ಗ್ರಾಫಿಕ್ಸ್ ಚಿಪ್ ಆ ಬರಹವನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಓದಿ, ಕೇಬಲ್ ಮೂಲಕ ಮಾನಿಟರಿಗೆ ಕಳಿಸುತ್ತದೆ. ಪ್ರಿಂಟ್ ಸ್ಕ್ರೀನ್ ಒತ್ತಿದಾಗ ನಕಲಾಗುವುದು ಮೆಮೊರಿಯಲ್ಲಿರುವ ಬರಹ. ಕೇಬಲ್, ಹಬ್, ಮಾನಿಟರ್ ಎಲ್ಲವೂ ಅದರ ಮುಂದಿನ ಹಂತ. ಬಾವಿಕಟ್ಟೆಯಲ್ಲೇ ಕೊಡ ತುಂಬಿಕೊಂಡವರಿಗೆ ಮುಂದೆ ಪೈಪು ಎಲ್ಲಿ ಸೋರುತ್ತಿದೆ ಎಂಬುದರ ಗೊಡವೆಯಿಲ್ಲ.

ಇದನ್ನು ತಿಳಿದುಕೊಂಡರೆ ಖರ್ಚಿಲ್ಲದ ಒಂದು ಪರೀಕ್ಷೆ ಕೈಗೆ ಸಿಗುತ್ತದೆ. ಮಾನಿಟರಿನ ಮೇಲೆ ಹಸಿರು ಗೆರೆ, ಮಿನುಗು, ಬಣ್ಣಗೆಟ್ಟ ಪಟ್ಟಿ ಕಾಣುತ್ತಿದೆ ಎನ್ನಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಿನಲ್ಲಿ ಚಿತ್ರ ಶುದ್ಧವಾಗಿದ್ದರೆ ದೋಷ ಸಾಮಾನ್ಯವಾಗಿ ಕೇಬಲ್, ಹಬ್, ಮಾನಿಟರ್ ಈ ಮೂರರಲ್ಲಿ ಒಂದರದು. ಗೆರೆ ಅಲ್ಲೂ ಬಂದಿದ್ದರೆ ದೋಷ ಲ್ಯಾಪ್‌ಟಾಪಿನ ಒಳಗಿನದು, ಗ್ರಾಫಿಕ್ಸ್ ಚಿಪ್ಪಿನದೋ ಅದರ ಡ್ರೈವರಿನದೋ. ಈಗ ಇದನ್ನೇ ತಿರುಗಿಸಿ: ಮಾನಿಟರಿನಲ್ಲಿ ಚಿತ್ರ ಚೆನ್ನಾಗಿದ್ದು ಸ್ಕ್ರೀನ್‌ಶಾಟ್ ಮಾತ್ರ ಕಪ್ಪಗಿದ್ದರೆ, ಚಿತ್ರವನ್ನು ಸಾಗಿಸುವ ಕೆಲಸವನ್ನು ಹಬ್ ಸರಿಯಾಗಿಯೇ ಮಾಡುತ್ತಿದೆ. ಇಷ್ಟು ಹೇಳಿದ ಮೇಲೂ ಕೇಬಲ್ ಕಿತ್ತು ಮತ್ತೆ ಚುಚ್ಚುವವರು ಇದ್ದೇ ಇರುತ್ತಾರೆ. ಚುಚ್ಚಿದಾಗ ಒಮ್ಮೊಮ್ಮೆ ಸರಿಹೋಗುವುದೂ ಉಂಟು, ಅದರ ಕಾರಣ ಮುಂದೆ ಬರುತ್ತದೆ.

ಹಬ್‌ಗಳಲ್ಲಿ ಎರಡು ಜಾತಿ

ನೋಡಲು ಒಂದೇ ಥರ ಇರುವ ಹಬ್‌ಗಳ ಒಳಗೆ ಎರಡು ಬೇರೆ ಸಂಸಾರಗಳಿವೆ. ಟೈಪ್-ಸಿ ಕನೆಕ್ಟರ್ ಬಂದದ್ದು 2014ರಲ್ಲಿ, ಅದರಲ್ಲಿ 24 ಪಿನ್‌ಗಳಿವೆ. ಅದೇ ವರ್ಷ, ಆ ಪಿನ್‌ಗಳಲ್ಲಿ ಕೆಲವನ್ನು ನೇರವಾಗಿ ಡಿಸ್‌ಪ್ಲೇಪೋರ್ಟ್ ಚಿತ್ರಕ್ಕೆ ಬಿಟ್ಟುಕೊಡುವ ಆಲ್ಟ್ ಮೋಡ್ ಏರ್ಪಾಡೂ ಬಂತು. ಮೊದಲ ಜಾತಿಯ ಹಬ್ ಈ ದಾರಿಯದು. ಗ್ರಾಫಿಕ್ಸ್ ಚಿಪ್ ಕೊಟ್ಟ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸಿ ದಾಟಿಸುತ್ತದೆ, ಅಷ್ಟೇ. ಇದಕ್ಕೆ ಲ್ಯಾಪ್‌ಟಾಪಿನ ಟೈಪ್-ಸಿ ತೂತಿಗೂ ಆ ಶಕ್ತಿ ಇರಬೇಕು. ಎಷ್ಟೋ ಅಗ್ಗದ ಲ್ಯಾಪ್‌ಟಾಪ್‌ಗಳ ಟೈಪ್-ಸಿಗೆ ಅದಿರುವುದಿಲ್ಲ.

ಎರಡನೆಯದು ಡಿಸ್‌ಪ್ಲೇಲಿಂಕ್ ಥರದ್ದು. ಲೆಕ್ಕ ಹಾಕಿ: 20,73,600 ಚುಕ್ಕೆ, ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಸಲ. ಸುಮಾರು 299 ಕೋಟಿ ಬಿಟ್ ಆಯಿತು. ಯುಎಸ್‌ಬಿ 2.0 ಸೆಕೆಂಡಿಗೆ ಹೊರುವುದು ಹೆಚ್ಚೆಂದರೆ 48 ಕೋಟಿ. ಆದ್ದರಿಂದ ಈ ಜಾತಿಯ ಡ್ರೈವರ್, ಚಿತ್ರವನ್ನು ಮೆಮೊರಿಯಿಂದ ಎತ್ತಿಕೊಂಡು, ಬದಲಾದ ಭಾಗವನ್ನಷ್ಟೇ ಹಿಂಡಿ ಚಿಕ್ಕದು ಮಾಡಿ, ಪೆನ್‌ಡ್ರೈವಿಗೆ ಫೈಲ್ ಕಳಿಸುವ ದಾರಿಯಲ್ಲೇ ಕಳಿಸುತ್ತದೆ. ಹಬ್‌ನೊಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಅಂದರೆ ಈ ಡ್ರೈವರ್ ತಾನೇ ಹಗಲಿಡೀ ಸ್ಕ್ರೀನ್‌ಶಾಟ್ ತೆಗೆಯುವ ಯಂತ್ರ! ಮ್ಯಾಕ್‌ನಲ್ಲಿ ಇದು ಬಯಲಿಗೇ ಬರುತ್ತದೆ. ಡಿಸ್‌ಪ್ಲೇಲಿಂಕ್ ತಂತ್ರಾಂಶ ಹಾಕಿದ ಕೂಡಲೇ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೇಳುತ್ತದೆ. ಯಾರೋ ಕದ್ದು ನೋಡುತ್ತಿದ್ದಾರೆಂದು ಹೆದರಿ ಬೇಡ ಎಂದರೆ ಹೊರಗಿನ ಪರದೆ ಬರುವುದೇ ಇಲ್ಲ. ಕಾಪಿರೈಟ್ ರಕ್ಷಣೆಯಿರುವ ಸಿನಿಮಾ ಅಲ್ಲಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಅಂಥ ಚಿತ್ರವನ್ನು ನಕಲು ಮಾಡಲು ಆಪರೇಟಿಂಗ್ ಸಿಸ್ಟಮ್ ಬಿಡುವುದಿಲ್ಲ, ಆ ಕಪ್ಪು ಬೇಕೆಂದೇ ಹಾಕಿದ್ದು.

ಯಾವುದು ಯಾವ ಜಾತಿ ಎಂದು ತಿಳಿಯಲು ಡಬ್ಬಿಯ ಮೇಲಿನ ಅಕ್ಷರ ನಂಬಬೇಕಾಗಿಲ್ಲ. ಹಳೆಯ ಅಗಲ ಯುಎಸ್‌ಬಿ ತೂತಿಗೆ ಹಾಕಿದರೂ ಚಿತ್ರ ಬರುತ್ತಿದ್ದರೆ ಅದು ಎರಡನೇ ಜಾತಿಯೇ, ಆ ತೂತಿನಲ್ಲಿ ನೇರ ಚಿತ್ರಕ್ಕೆ ದಾರಿಯಿಲ್ಲ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೇಕೆಂದರೆ ಹೆದ್ದಾರಿ 65 ಹಿಡಿದು ಹೈದರಾಬಾದಿಗೆ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವವರಿದ್ದಾರೆ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪಿನ ಜೊತೆ ಡಾಕ್ (ಮೇಜಿನ ಮೇಲಿಡುವ ದೊಡ್ಡ ಹಬ್) ಕೂಡ ಸಿಕ್ಕರೆ, ಅದು ಯಾವ ಜಾತಿಯದೆಂದು ಅಲ್ಲೇ ಕೇಳಿಕೊಂಡು ಬನ್ನಿ. ಎರಡನೇ ಜಾತಿಯದಾದರೆ ಸ್ಕ್ರೀನ್‌ಶಾಟ್ ತೊಂದರೆಗೆ ಮೊದಲ ಮದ್ದು ಹೊಸ ಡ್ರೈವರ್, ಹೊಸ ಹಬ್ ಅಲ್ಲ.

ಎರಡು ಚಿಪ್, ಎರಡು ಮೆಮೊರಿ

ಮೊದಲ ಜಾತಿಯ ಹಬ್ ಇದ್ದೂ ಕಪ್ಪು ಬಂದರೆ? ಇದು ಹೆಚ್ಚಾಗಿ ಕಾಡುವುದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರನ್ನು. ಜಾತ್ರೆಯ ನೇರಪ್ರಸಾರಕ್ಕೆ ಕೂರುವ ಹುಡುಗರು, ಪಾಠ ರೆಕಾರ್ಡ್ ಮಾಡುವ ಕಾಲೇಜು ಮೇಷ್ಟ್ರು ಪರದೆ ರೆಕಾರ್ಡ್ ಮಾಡುವ ಒಬಿಎಸ್ ತಂತ್ರಾಂಶ ತೆರೆದು ಕಪ್ಪು ಚೌಕ ನೋಡಿ ಸುಸ್ತಾಗಿರುತ್ತಾರೆ. ಇಂಥ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಎರಡು. ಕರೆಂಟ್ ಉಳಿಸುವ ಚಿಕ್ಕದು ಒಳಪರದೆಯನ್ನು ನೋಡಿಕೊಳ್ಳುತ್ತದೆ. ಎಚ್‌ಡಿಎಂಐ ಅಥವಾ ಟೈಪ್-ಸಿ ತೂತು ಕೆಲವು ಮಾದರಿಗಳಲ್ಲಿ ದೊಡ್ಡ ಚಿಪ್ಪಿಗೆ ಸೇರಿರುತ್ತದೆ. ಎರಡು ಪರದೆ, ಎರಡು ಬೇರೆ ಬರಹದ ಜಾಗ. 2012ರ ವಿಂಡೋಸ್ 8ರಿಂದ ಪರದೆ ನಕಲಿಗೆ ಒಂದು ವೇಗದ ದಾರಿ ಬಂತು. ಒಬಿಎಸ್‌ನಂಥ ತಂತ್ರಾಂಶಗಳು ಅದನ್ನು ಬಳಸುತ್ತವೆ. ಆದರೆ ತಂತ್ರಾಂಶ ಒಂದು ಚಿಪ್ಪಿನ ಮೇಲೆ ಓಡುತ್ತ, ಇನ್ನೊಂದು ಚಿಪ್ಪಿನ ಪರದೆಯನ್ನು ಕೇಳಿದರೆ ಸಿಗುವುದು ಕಪ್ಪು. ಹಬ್ ಇಲ್ಲದಾಗ ಎಲ್ಲ ಒಂದೇ ಚಿಪ್ಪಿನಲ್ಲಿತ್ತು, ತೊಂದರೆ ಇರಲಿಲ್ಲ. ಅದಕ್ಕೇ ಜನ ಹಬ್ ಅನ್ನು ಬೈಯುವುದು.

ಪರಿಹಾರ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿದೆ: ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್. ಅಲ್ಲಿ ಆ ತಂತ್ರಾಂಶವನ್ನು ಆರಿಸಿ ಪವರ್ ಸೇವಿಂಗ್ ಅಥವಾ ಹೈ ಪರ್ಫಾರ್ಮೆನ್ಸ್ ಎಂದು ಬದಲಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಿರಿ. ಒಳಪರದೆ ಬೇಕಾದರೆ ಸಾಮಾನ್ಯವಾಗಿ ಮೊದಲನೆಯದು, ಹೊರಗಿನದು ಬೇಕಾದರೆ ಎರಡನೆಯದು.

ಅರ್ಧ ಚಿತ್ರ, ಪಕ್ಕದ ಚಿತ್ರ

ಕಪ್ಪಿಗಿಂತ ಹೆಚ್ಚು ಮೋಸ ಮಾಡುವುದು ಕತ್ತರಿಸಿದ ಚಿತ್ರ. ಲ್ಯಾಪ್‌ಟಾಪ್ 1920×1080, ಅಕ್ಷರ ದೊಡ್ಡದು ಕಾಣಲೆಂದು ಸ್ಕೇಲ್ 150 ಪ್ರತಿಶತ. ಪಕ್ಕದಲ್ಲಿ ಹಳೆಯ 1366×768 ಮಾನಿಟರ್, ಸ್ಕೇಲ್ 100. ಸ್ಕೇಲಿನ ವಿಷಯ ತಿಳಿಯದ ಹಳೆಯ ಸ್ಕ್ರೀನ್‌ಶಾಟ್ ತಂತ್ರಾಂಶಕ್ಕೆ ವಿಂಡೋಸ್ ಒಂದು ಸುಳ್ಳು ಹೇಳುತ್ತದೆ: ಪರದೆ 1280×720 ಮಾತ್ರ ಎಂದು. ಅದು ನಂಬಿ ಎಡಮೇಲಿನ ಮೂಲೆಯಿಂದ ಅಷ್ಟನ್ನೇ ನಕಲು ಮಾಡುತ್ತದೆ. ಬಲಗಡೆಯ ಮೂರನೇ ಒಂದು ಪಾಲು, ಕೆಳಗಿನ ಮೂರನೇ ಒಂದು ಪಾಲು ಮಾಯ. ಸ್ವೀಕೃತಿ ಸಂಖ್ಯೆ ಪುಟದ ಕೆಳಗೇ ಇದ್ದರೆ ಮುಗಿಯಿತು. ಆ ತಂತ್ರಾಂಶದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ ಹೈ ಡಿಪಿಐ ಆಯ್ಕೆಯನ್ನು ಅಪ್ಲಿಕೇಶನ್‌ಗೆ ಒಪ್ಪಿಸಬಹುದು. ಅಷ್ಟು ತಾಳ್ಮೆ ಇಲ್ಲದವರು ವಿಂಡೋಸ್ ಕೀ, ಶಿಫ್ಟ್, ಎಸ್ ಒತ್ತಿ ವಿಂಡೋಸಿನದೇ ಸಲಕರಣೆ ಬಳಸಲಿ, ಅದಕ್ಕೆ ಸ್ಕೇಲ್ ಗೊತ್ತಿದೆ.

ಮಾನಿಟರನ್ನು ಎಡಗಡೆ ಇಟ್ಟವರಿಗೆ ಇನ್ನೊಂದು ತಮಾಷೆ. ಮುಖ್ಯ ಪರದೆಯ ಎಡಮೇಲಿನ ಮೂಲೆಯೇ ಸೊನ್ನೆ. ಅದರ ಎಡಕ್ಕಿರುವ ಮಾನಿಟರಿನ ಚುಕ್ಕೆಗಳಿಗೆಲ್ಲ ಋಣ ಸಂಖ್ಯೆ, -1366ರಿಂದ -1ರವರೆಗೆ. ಋಣ ಸಂಖ್ಯೆ ಬರಬಹುದೆಂದು ಯೋಚಿಸದೆ ಬರೆದ ತಂತ್ರಾಂಶಗಳು ಅಲ್ಲಿ ಎಡವುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿನ ಚೌಕವನ್ನು ಬಲಕ್ಕೆ ಎಳೆದರೆ ಸಾಕು, ಮೇಜಿನ ಮೇಲೆ ಅದು ಎಡಗಡೆಯೇ ಇರಲಿ.

ಕರೆಂಟ್ ಹೋದಾಗ ಉಳಿಯುವ ದೆವ್ವದ ಪರದೆ

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗಿಲ್ಲ. ಈ ಸಣ್ಣ ಸಂಗತಿಯನ್ನು ಇಂಗ್ಲಿಷ್ ಕೈಪಿಡಿಗಳು ಯಾಕೆ ಗಮನಿಸುವುದಿಲ್ಲವೋ! ಬಹುಶಃ ಅವನ್ನು ಬರೆಯುವವರ ಊರಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗುವುದಿಲ್ಲ. ಎಚ್‌ಡಿಎಂಐ ಕೇಬಲಿನಲ್ಲಿ ಲ್ಯಾಪ್‌ಟಾಪೇ 5 ವೋಲ್ಟ್ ಕಳಿಸುತ್ತದೆ. ಮಾನಿಟರಿನ ಗುರುತು ಬರೆದಿಟ್ಟ ಚಿಪ್ ಅದರಿಂದಲೇ ಎಚ್ಚರವಾಗಿರುತ್ತದೆ. ಹಾಗಾಗಿ ಗೋಡೆಯ ಕರೆಂಟ್ ಹೋದರೂ ಹಲವು ಮಾನಿಟರ್‌ಗಳು ‘ಇದ್ದೇನೆ’ ಎಂದು ಹೇಳುತ್ತಲೇ ಇರುತ್ತವೆ. ಕಣ್ಣಿಗೆ ಕತ್ತಲೆ, ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಪರದೆ ಜೀವಂತ. ಕಿಟಕಿಗಳು ಅಲ್ಲೇ ತೆರೆದುಕೊಳ್ಳುತ್ತವೆ, ಸ್ಕ್ರೀನ್‌ಶಾಟಿನ ಸಲಕರಣೆ ಪಟ್ಟಿಯೂ ಅಲ್ಲಿಗೇ ಹೋಗಿ ಕೂರುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಒಂದೇ ಪರದೆ ಸಾಕೆಂದು ಹೇಳಿ.

ಡಿಸ್‌ಪ್ಲೇಪೋರ್ಟ್ ಮಾನಿಟರುಗಳಲ್ಲಿ ಹಲವು ಇದಕ್ಕೆ ತದ್ವಿರುದ್ಧ. ಕರೆಂಟ್ ಹೋದ ಕ್ಷಣ ಸಂಪರ್ಕವೇ ಹೋಯಿತೆಂದು ಲ್ಯಾಪ್‌ಟಾಪ್ ತಿಳಿಯುತ್ತದೆ, ಪರದೆಗಳ ನಕ್ಷೆಯನ್ನು ಮೊದಲಿನಿಂದ ಬರೆಯುತ್ತದೆ. ಓಡುತ್ತಿದ್ದ ರೆಕಾರ್ಡಿಂಗ್ ತಂತ್ರಾಂಶ ಹಳೆಯ ನಕ್ಷೆ ಹಿಡಿದುಕೊಂಡೇ ಕೂತಿರುತ್ತದೆ, ಕಪ್ಪು ಕೊಡುತ್ತದೆ. ಕೇಬಲ್ ಕಿತ್ತು ಚುಚ್ಚಿದಾಗ ಸರಿಹೋಗುವುದು ಇಂಥ ಸಂದರ್ಭದಲ್ಲಿ: ಸರಿಯಾಗುವುದು ಕೇಬಲ್ ಅಲ್ಲ, ನಕ್ಷೆ. ಇನ್ವರ್ಟರ್ ಇದ್ದರೂ ಅದು ತಿರುಗುವ ಕ್ಷಣದಲ್ಲಿ ಮಾನಿಟರ್ ಒಮ್ಮೆ ಆರಿ ಹೊತ್ತಬಹುದು. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ತಿರುಗುವಿಕೆ ಚುರುಕಾಗುತ್ತದೆ. ಕೊಂಡ ದಿನದಿಂದ ಅದನ್ನು ಮುಟ್ಟದವರೇ ಹೆಚ್ಚು.

ಹಬ್‌ನದೇ ತಪ್ಪು ಇರುವ ಸಂದರ್ಭವನ್ನೂ ಹೇಳಬೇಕು. ಯುಎಸ್‌ಬಿ 3.0 ತೂತು ನಿಯಮದ ಪ್ರಕಾರ ಕೊಡಬೇಕಾದದ್ದು 900 ಮಿಲಿಆಂಪಿಯರ್. ಒಂದೇ ಹಬ್‌ಗೆ ಹಾರ್ಡ್‌ಡಿಸ್ಕ್, ಬೆರಳಚ್ಚು ಯಂತ್ರ, ವೆಬ್‌ಕ್ಯಾಮ್ ಎಲ್ಲ ತಗುಲಿಸಿದರೆ ಹಬ್ ಬಸವಳಿದು ಮಾನಿಟರನ್ನು ಬಿಟ್ಟು ಹಿಡಿಯುತ್ತದೆ, ಪ್ರತಿ ಸಲವೂ ನಕ್ಷೆ ಬದಲಾಗುತ್ತದೆ. ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿಗೇ ಹಾಕಿ.

ಕಾಲೇಜಿನಲ್ಲಿ ಕಂಪ್ಯೂಟರ್ ಓದುವವರು ಇಲ್ಲಿಂದ ಮುಂದಕ್ಕೆ ಹೋಗಲಿ ಎಂದು ನನ್ನ ಆಸೆ. ಮೇಲೆ ಹೇಳಿದ ಗುರುತಿನ ಚಿಪ್‌ನಲ್ಲಿರುವ ಬರಹಕ್ಕೆ ಇಡಿಐಡಿ ಎಂದು ಹೆಸರು. ಮೂಲ ತುಂಡು ಬರೀ 128 ಬೈಟ್. ಲಿನಕ್ಸ್ ಇದ್ದರೆ ಡಿಆರ್‌ಎಂ ಕಡತಕೋಶದಲ್ಲಿ ಹಾಗೇ ಸಿಗುತ್ತದೆ, ವಿಂಡೋಸ್ ರಿಜಿಸ್ಟ್ರಿಯಲ್ಲೂ ಉಳಿದಿರುತ್ತದೆ. ಮತ್ತೆ ವಿಂಡೋಸ್ ಹಾಕದೇ ಮಾರಿದ ಲ್ಯಾಪ್‌ಟಾಪಾದರೆ ಯಾವುದೋ ಆಫೀಸಿನ ಹಳೆಯ ಮಾನಿಟರ್‌ಗಳ ಗುರುತೂ ಸಿಕ್ಕೀತು. ಸೊನ್ನೆಯಿಂದ ಎಣಿಸಿದರೆ 17ನೇ ಬೈಟಿಗೆ 1990 ಕೂಡಿಸಿ, ಸಾಮಾನ್ಯವಾಗಿ ಮಾನಿಟರ್ ತಯಾರಾದ ವರ್ಷ ಬರುತ್ತದೆ. ಆಮೇಲೆ 128 ಬೈಟ್‌ಗಳನ್ನೂ ಕೂಡಿಸಿ 256ರಿಂದ ಭಾಗಿಸಿ. ಶೇಷ ಸೊನ್ನೆ ಬರಲೇಬೇಕು. ಹಬ್ ಮೂಲಕ ಓದಿದಾಗ ಶೇಷ ಉಳಿದು, ಮಾನಿಟರಿಗೆ ನೇರ ಕೇಬಲ್ ಹಾಕಿ ಓದಿದಾಗ ಸೊನ್ನೆ ಬಂದರೆ, ಆಗ ಹಬ್ ಅನ್ನು ಧಾರಾಳವಾಗಿ ಬೈಯಬಹುದು.