ಫಿರ್ಯಾದುದಾರ ಬ್ಯಾಟರಿ

ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವ ರಸಿಕರಿಗೂ, ಅದೇ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗಗಳನ್ನು ಅರಸಿ ಅಲೆಯುವ ಗ್ರಾಹಕರಿಗೂ ಪರಸ್ಪರ ಪರಿಚಯವಾಗುವ ಪ್ರಸಂಗ ವಿರಳವೇ ಸರಿ. ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಆ ರಸ್ತೆಯ ಇಕ್ಕೆಲಗಳಲ್ಲಿ ಟೈರು, ಕನ್ನಡಿ, ಸೀಟು ಕವರುಗಳ ಥಳಕು ಕಣ್ಣನ್ನು ಹಿಡಿದು ನಿಲ್ಲಿಸುವುದರಿಂದ, ಕಲಾಸಿಪಾಳ್ಯದ ಕಡೆಗೆ ಒಳಸರಿಯುವ ಓಣಿಗಳಲ್ಲಿ ಆಟೋ ಎಲೆಕ್ಟ್ರಿಷಿಯನ್ನರೆಂಬ ಕುಶಲಕರ್ಮಿಗಳ ಒಂದು ಪುಟ್ಟ ಸಮುದಾಯ ದಶಕಗಳಿಂದ ಬಾಳಿಕೊಂಡು ಬಂದಿರುವುದು ಅನೇಕರ ಗಮನಕ್ಕೆ ಬಾರದು. ಮೆಕ್ಯಾನಿಕ್ಕು ಬೇರೆ, ಎಲೆಕ್ಟ್ರಿಷಿಯನ್ನು ಬೇರೆ. ಮೊದಲನೆಯವನ ಕೈ ಸದಾ ಎಣ್ಣೆಮಯ. ಎರಡನೆಯವನ ಕೈ ಒಣಗಿರುತ್ತದೆ, ಬೆರಳ ತುದಿಗಳಲ್ಲಿ ಮಾತ್ರ ಸೋಲ್ಡರಿಂಗ್ ಕಾವಿನ ಸಣ್ಣ ಕಲೆಗಳಿರುತ್ತವೆ.

ನಾನು ಹೇಳಹೊರಟಿರುವ ಅಂಗಡಿಯೊಳಗೆ ಏಕಕಾಲಕ್ಕೆ ಒಂದೇ ಸ್ಕೂಟರು ಹಿಡಿಸುತ್ತದೆ. ಉಳಿದವು ಬೀದಿಯಲ್ಲಿ ಸರದಿ ಕಾಯಬೇಕು. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ. ತಮ್ಮ ಹೆಸರು ಪತ್ರಿಕೆಯಲ್ಲಿ ಬರಕೂಡದೆಂಬುದು ಅವರು ವಿಧಿಸಿದ ಏಕೈಕ ಷರತ್ತಾದುದರಿಂದ, ಬೀದಿಯವರು ಕರೆಯುವಂತೆ ನಾನೂ ಅವರನ್ನು ಸಾಬರೆಂದೇ ಕರೆಯುತ್ತೇನೆ; ಕೆಲಸ ಕಲಿಯುವ ಹುಡುಗರ ಬಾಯಲ್ಲಿ ಅವರು ಉಸ್ತಾದ್. ಸೆಲ್ಫ್ ಹೊಡೆದರೆ ‘ಟಿಕ್ ಟಿಕ್’ ಎಂಬ ಸದ್ದನ್ನಷ್ಟೇ ಹೊರಡಿಸುವ ಗಾಡಿಯನ್ನು ತಳ್ಳಿಕೊಂಡು ಬಂದು, “ಬ್ಯಾಟರಿ ಹೋಗಿದೆ ಸಾಬ್ರೇ, ಹೊಸದು ಹಾಕ್ಬಿಡಿ” ಎನ್ನುವ ಗಿರಾಕಿಗೆ ಅವರು ಒಡನೆಯೇ ಒಪ್ಪಿಕೊಂಡ ನಿದರ್ಶನವನ್ನು ನಾನು ಕಂಡಿಲ್ಲ.

“ಬ್ಯಾಟರಿ ಫಿರ್ಯಾದುದಾರ ಸ್ವಾಮಿ, ಕಳ್ಳ ಅಲ್ಲ. ಫಿರ್ಯಾದು ಕೊಟ್ಟೋನನ್ನೇ ಒಳಗೆ ಹಾಕಿದ್ರೆ ಕಳ್ಳ ಆರಾಮಾಗಿ ಮನೇಲೇ ಇರ್ತಾನೆ. ಮೂರು ತಿಂಗಳಿಗೆ ಮತ್ತೆ ಅದೇ ಕಥೆ.”

ಈ ವಾಕ್ಯವನ್ನು ಅವರು ದಿನಕ್ಕೆ ಹಲವು ಬಾರಿ ಹೇಳುತ್ತಾರೆಂಬುದು ಹುಡುಗರ ಮುಖದ ಮುಗುಳುನಗೆಯಿಂದಲೇ ವಿದಿತವಾಗುತ್ತದೆ. ಆದರೆ ಇದರಲ್ಲಿ ಅಡಗಿರುವ ತತ್ತ್ವ ವಿಚಾರಾರ್ಹವಾದುದು. ಸ್ಕೂಟರಿನಲ್ಲಿ ವಿದ್ಯುತ್ತು ಉತ್ಪನ್ನವಾಗುವುದು ಬ್ಯಾಟರಿಯಲ್ಲಲ್ಲ. ಇಂಜಿನ್ನಿನೊಡನೆ ತಿರುಗುವ, ಅಯಸ್ಕಾಂತಗಳನ್ನು ಹುದುಗಿಸಿದ ಚಕ್ರವೊಂದು ತಾಮ್ರದ ಸುರುಳಿಗಳ ಸುತ್ತ ಪರಿಭ್ರಮಿಸುವಾಗ, ಕಾಯ್ಲೆಂದು ಕರೆಯುವ ಆ ಸುರುಳಿಗಳಲ್ಲಿ ಅದು ಹುಟ್ಟುತ್ತದೆ. ಹಾಗೆ ಹುಟ್ಟಿದ ಕರೆಂಟು ಎ.ಸಿ. ರೂಪದ್ದು; ವೇಗ ಹೆಚ್ಚಿದಂತೆ ಉಬ್ಬುವುದು, ತಗ್ಗಿದಂತೆ ಕುಗ್ಗುವುದು ಅದರ ಸ್ವಭಾವ. ಅದನ್ನು ಡಿ.ಸಿ.ಗೆ ಪರಿವರ್ತಿಸಿ, ಮಿತಿಮೀರದಂತೆ ಅಂಕೆಯಲ್ಲಿಟ್ಟು ಬ್ಯಾಟರಿಗೆ ಒಪ್ಪಿಸುವುದು ಅಲ್ಯೂಮಿನಿಯಮ್ ರೆಕ್ಕೆಗಳುಳ್ಳ ಒಂದು ಸಣ್ಣ ಪೆಟ್ಟಿಗೆ; ರೆಕ್ಟಿಫೈಯರ್ ರೆಗ್ಯುಲೇಟರೆಂಬುದು ಅದರ ಪೂರ್ಣನಾಮ, ಓಣಿಯಲ್ಲಿ ಆರ್.ಆರ್. ಯೂನಿಟ್. ಕಾಯ್ಲು, ಆರ್.ಆರ್., ನಡುವಣ ವೈರು ಮತ್ತು ಕಪ್ಲರುಗಳು, ಫ್ಯೂಸು, ಅರ್ತ್, ಕಟ್ಟಕಡೆಗೆ ಬ್ಯಾಟರಿ: ಈ ಸರಪಣಿಯ ಯಾವ ಕೊಂಡಿ ಸಡಿಲಿದರೂ ಗೋಳು ಕೇಳಿಬರುವುದು ಕೊನೆಯ ಕೊಂಡಿಯಿಂದಲೇ.

ಸಾಬರಲ್ಲಿ ನನ್ನನ್ನು ವಿಶೇಷವಾಗಿ ಆಕರ್ಷಿಸಿದ್ದು ಅವರ ಒಂದು ಉಪಕರಣ. ಡಿಜಿಟಲ್ ಮೀಟರು ಅವರಲ್ಲಿಯೂ ಉಂಟು. ಆದರೆ ಅವರ ಅಂಗಿಯ ಜೇಬಿನಲ್ಲಿ ಸದಾ ಇರುವುದು ಇಂಡಿಕೇಟರಿನ 21 ವಾಟಿನ ಒಂದು ಬಲ್ಬು. ಅದರ ಹಿಡಿಗೆ ಬೆಸೆದ ಎರಡು ವೈರುಗಳು. ಒಂದರ ತುದಿಯಲ್ಲಿ ಮೊಸಳೆ ಕ್ಲಿಪ್ಪು, ಇನ್ನೊಂದರಲ್ಲಿ ಗೋಣಿ ಹೊಲಿಯುವ ದಬ್ಬಣ. ವೈರುಗಳ ಮೇಲ್ಹೊದಿಕೆ ಎಷ್ಟೋ ಬಾರಿ ಸೀಳಿ, ಅಷ್ಟೇ ಬಾರಿ ಟೇಪು ಸುತ್ತಿಸಿಕೊಂಡು, ಈಗ ಮೂಲವರ್ಣ ಯಾವುದೆಂದು ಹೇಳುವಂತಿಲ್ಲ. ಮೀಟರಿರುವಾಗ ಇದೇಕೆಂದು ಕೇಳಿದೆ. ಅವರು ಉತ್ತರವನ್ನು ಬಾಯಲ್ಲಿ ಹೇಳದೆ, ರಾಜಾಜಿನಗರದಿಂದ ಬಂದಿದ್ದ ಅಧ್ಯಾಪಿಕೆಯೊಬ್ಬರ ಸ್ಕೂಟರಿನ ಮೇಲೆಯೇ ತೋರಿಸಿಕೊಟ್ಟರು.

ಆಕೆ ಒಂದೇ ವರ್ಷದೊಳಗೆ ಎರಡು ಬ್ಯಾಟರಿಗಳನ್ನು ಬದಲಾಯಿಸಿದ್ದರು. ಮೂರನೆಯದೂ ಬೆಳಗಿನ ಹೊತ್ತು ಕೈಕೊಡತೊಡಗಿತ್ತು. “ಕಂಪನಿಯದೇ ಹಾಕಿಸಿದ್ದೀನಿ ಸಾಬ್ರೇ, ಆದ್ರೂ ಹೀಗೆ” ಎಂದರು. “ನೋಡೋಣ ಇರಮ್ಮ, ಕೂತ್ಕೊಳ್ಳಿ” ಎಂದು ಸ್ಟೂಲನ್ನು ಮುಂದೆ ಸರಿಸಿ, ಸಾಬರು ಮೊದಲು ಇಂಜಿನ್ನು ನಿಲ್ಲಿಸಿಯೇ ಅಳೆದರು: 12.3 ವೋಲ್ಟ್. ಪೂರ್ಣವಾಗಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ಕ್ಕೆ ಕಡಿಮೆ ಇಲ್ಲದಂತೆ ತೋರಬೇಕು. ಆದಕಾರಣ ಇದು ಅರೆಹಸಿವಿನದು. ಬಳಿಕ ಕಿಕ್ ಹೊಡೆದು, ಎಕ್ಸಿಲೇಟರು ತಿರುವಿ ಅಳೆದರೆ 12.5. ಇಂಜಿನ್ನು ಚುರುಕಾಗಿ ಓಡುವಾಗ ಅಲ್ಲಿ 14ರ ಆಸುಪಾಸು ಕಾಣಬೇಕು. 15 ದಾಟಿದರೆ ಆರ್.ಆರ್. ಅಂಕೆ ತಪ್ಪಿ ಬ್ಯಾಟರಿಯನ್ನು ಕುದಿಸುತ್ತಿದೆಯೆಂದರ್ಥ, 13ಕ್ಕೂ ಏರದಿದ್ದರೆ ಬ್ಯಾಟರಿಗೆ ಉಪವಾಸವೆಂದರ್ಥ. ಆತುರದವನು ಈ ಹಂತದಲ್ಲಿ ಆರ್.ಆರ್. ಯೂನಿಟ್ಟನ್ನು ಕಿತ್ತೆಸೆದು ಹೊಸದನ್ನು ಕೂರಿಸುತ್ತಿದ್ದ. ಸಾಬರು ಮೀಟರಿನ ಕಡ್ಡಿಯನ್ನು ಆರ್.ಆರ್.ನಿಂದ ಹೊರಡುವ ಕೆಂಪು ವೈರಿಗೆ ತಾಗಿಸಿದರು, ಅಲ್ಲಿ 14.4 ಇತ್ತು. ಹೊರಟದ್ದು 14.4, ತಲುಪಿದ್ದು 12.5. ದಾರಿಯಲ್ಲಿ ಸುಮಾರು ಎರಡು ವೋಲ್ಟ್ ಕಾಣೆಯಾಗಿತ್ತು.

ಬಲ್ಬಿನ ಪಾತ್ರ ಪ್ರಾರಂಭವಾದುದು ಆಮೇಲೆ. ಇಂಜಿನ್ನು ನಿಲ್ಲಿಸಿ, ಆರ್.ಆರ್.ನ ಕಪ್ಲರು ಬಿಚ್ಚಿ, ಬ್ಯಾಟರಿಯಿಂದ ಅಲ್ಲಿಗೆ ಬರುವ ಕೆಂಪು ವೈರನ್ನು ಮೀಟರಿನಿಂದ ಪರೀಕ್ಷಿಸಿದರೆ ಅದು ನಿಸ್ಸಂಕೋಚವಾಗಿ ಬ್ಯಾಟರಿಯಷ್ಟೇ ವೋಲ್ಟೇಜು ತೋರಿತು. ಅದೇ ವೈರಿಗೆ ದಬ್ಬಣ ಚುಚ್ಚಿ, ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವಿಗೆ ಕಚ್ಚಿಸಿದರೆ ಬಲ್ಬಿನ ತಂತಿ ಕೆಂಪಗೆ ಕಂಡಿತೇ ವಿನಾ ಬೆಳಗಲಿಲ್ಲ. ಕಾರಣ ಸರಳ. ಮೀಟರು ತಾನು ಅಳೆಯುವ ದಾರಿಯಿಂದ ಕರೆಂಟನ್ನು ಎಳೆಯುವುದೇ ಇಲ್ಲವೆನ್ನಬಹುದು. ತಾಮ್ರದ ಒಂದೇ ಎಳೆ ಉಳಿದಿದ್ದರೂ, ಸಂಪರ್ಕಕ್ಕೆ ಕಿಲುಬು ಹಿಡಿದಿದ್ದರೂ ಅದಕ್ಕೆ ಸಾಕು. ಬಲ್ಬಿಗಾದರೋ ಒಂದೂಮುಕ್ಕಾಲು ಆಂಪಿಯರ್ ಬೇಕು. ಅಷ್ಟನ್ನು ಸಾಗಿಸಬಲ್ಲ ದಾರಿಯಿದ್ದರೆ ಮಾತ್ರ ಅದು ಬೆಳಗುತ್ತದೆ. “ಮೀಟರು ಇದೆ ಅಂತ ಹೇಳುತ್ತೆ, ಬಲ್ಬು ಕೆಲಸಕ್ಕೆ ಬರುತ್ತಾ ಅಂತ ಹೇಳುತ್ತೆ” ಎಂದು ಸಾಬರು ಅಷ್ಟರಲ್ಲೇ ಮುಗಿಸಿದರು. ಅನಂತರ ಹುಡುಗನ ಕೈಯಿಂದ ಮುಂಭಾಗದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿಸಿ, ದಬ್ಬಣವನ್ನು ವೈರಿನುದ್ದಕ್ಕೂ ಒಂದೊಂದೇ ಗೇಣು ಹಿಂದೆ ಸರಿಸುತ್ತಾ ಹೋದರು. ಎರಡನೆಯ ಕಪ್ಲರನ್ನು ದಾಟಿದ ಕೂಡಲೇ ಬಲ್ಬು ಫಕ್ಕನೆ ಬೆಳಗಿತು. ಕಪ್ಲರನ್ನು ಬಿಡಿಸಿದಾಗ ಒಳಗಿನ ಪಿನ್ನು ಹಸುರು ಪುಡಿಯಾಗಿ ಕೈಗೆ ಬಂತು, ಅದರ ಸುತ್ತಣ ಪ್ಲಾಸ್ಟಿಕ್ಕು ಕಾವಿಗೆ ಕಂದಿತ್ತು. ವಾಟರ್ ಸರ್ವೀಸಿನಲ್ಲಿ ಪಿಚಕಾರಿಯಂತೆ ನುಗ್ಗುವ ನೀರು ಒಳಹೊಕ್ಕು ನಿಂತು ಮಾಡಿದ ಅನಾಹುತವದು. ಕೆಟ್ಟ ಭಾಗವನ್ನು ಕತ್ತರಿಸಿ, ವೈರುಗಳನ್ನು ಹೆಣೆದು ಸೋಲ್ಡರ್ ಮಾಡಿ, ಸ್ಲೀವು ತೊಡಿಸಿ ಮುಗಿಸಿದ ಮೇಲೆ ಬ್ಯಾಟರಿಯ ಮೇಲೆ 14.2 ಕಂಡಿತು. ಹಿಂದಿನ ಎರಡು ಬ್ಯಾಟರಿಗಳನ್ನು ಏನು ಮಾಡಿದಿರೆಂದು ಸಾಬರು ಕೇಳಿದರು. ಹಳೆಯದನ್ನು ಕೊಟ್ಟು ಹೊಸದನ್ನು ತಂದುದಾಗಿ ಆಕೆ ಹೇಳಲು, ಅವರು ತಲೆಯಲ್ಲಾಡಿಸಿ ಸುಮ್ಮನಾದರು.

ಇತಿಹಾಸವನ್ನು ಹೇಳುವುದಾದರೆ, ಕಂಪನಿಗಳ ಪ್ರಚಾರಪುಸ್ತಿಕೆಗಳಿಗಿಂತ ಸಾಬರ ನೆನಪಿನ ಆಶ್ರಯವೇ ನನಗೆ ಹೆಚ್ಚು. ಇಟಲಿಯಲ್ಲಿ ವಿಮಾನಗಳ ವಿನ್ಯಾಸಕಾರನಾಗಿದ್ದ ಕೊರ್ರಾದಿನೊ ದಸ್ಕಾನಿಯೊ ಪಿಯಾಜಿಯೊ ಕಂಪನಿಗಾಗಿ ರೂಪಿಸಿದ ವೆಸ್ಪಾ 1946ರಲ್ಲಿ ಹೊರಬಂತು. ಮರುವರ್ಷ ಮಿಲಾನಿನ ಲ್ಯಾಂಬ್ರೆಟಾ. 1948ರಿಂದ ಬಜಾಜ್ ಮನೆತನದವರು ವೆಸ್ಪಾಗಳನ್ನು ಭಾರತಕ್ಕೆ ತರಿಸತೊಡಗಿ, ತರುವಾಯ ಇಲ್ಲಿಯೇ ತಯಾರಿಸುವ ಪರವಾನಗಿ ಪಡೆದರು. ಆ ಒಡಂಬಡಿಕೆ ಮುಗಿದ ಮೇಲೆ 1972ರಲ್ಲಿ ಅವತರಿಸಿದ ಚೇತಕ್, ವರ್ಷಗಟ್ಟಲೆ ಕಾದು ಪಡೆಯಬೇಕಾದ ವಸ್ತುವಾಗಿ ಮಧ್ಯಮವರ್ಗದ ಗೃಹಗಳಲ್ಲಿ ಕುಟುಂಬ ಸದಸ್ಯತ್ವವನ್ನೇ ಗಳಿಸಿತು. ಲ್ಯಾಂಬ್ರೆಟಾ ಮತ್ತು ವೆಸ್ಪಾಗಳ ಉಸ್ತಾದರೊಬ್ಬರ ಬಳಿ ಬಾಲಕರಾಗಿ ಸೇರಿದ ಸಾಬರಿಗೆ ಆ ಕಾಲದಲ್ಲಿ ಬ್ಯಾಟರಿಯ ಗೊಡವೆ ಅಷ್ಟಾಗಿ ಇರಲಿಲ್ಲವಂತೆ. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯೇ ಇರುತ್ತಿರಲಿಲ್ಲ. 6 ವೋಲ್ಟಿನ ಹೆಡ್‌ಲೈಟು ಮ್ಯಾಗ್ನೆಟ್ಟಿನಿಂದ ನೇರವಾಗಿ ಕರೆಂಟು ಪಡೆದು, ಗಾಡಿ ನಿಧಾನಿಸಿದರೆ ಮಂಕಾಗಿ, ವೇಗವಾದರೆ ಪ್ರಜ್ವಲಿಸುತ್ತಿತ್ತು. ಪಾಯಿಂಟು ಉಜ್ಜಿ, ಆಡುಗೋಡಿಯ ಮೈಕೋ ಕಾರ್ಖಾನೆಯ ಪ್ಲಗ್ಗು ಬದಲಿಸಿದರೆ ಮುಕ್ಕಾಲುಪಾಲು ಕೆಲಸ ಮುಗಿಯುತ್ತಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದು, ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಎಚ್ಚರಗೊಳ್ಳುವ ಸೌಲಭ್ಯವನ್ನು ಜನರಿಗೆ ರೂಢಿ ಮಾಡಿಸಿದಂದಿನಿಂದ ಅಂಗಡಿಯ ಕಸುಬಿನ ದಿಕ್ಕೇ ಬದಲಾಯಿತು. ಗೇರಿಲ್ಲದ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲು ಬಾರದು. ಅದರ ಕ್ಲಚ್ಚು ಇಂಜಿನ್ನು ತಿರುಗಿದ ಮೇಲಷ್ಟೇ ಹಿಡಿಯುತ್ತದೆ. 2020ರ ಬಿ.ಎಸ್. 6 ನಿಯಮಗಳ ಫಲವಾಗಿ ಕಾರ್ಬ್ಯುರೇಟರು ತೊಲಗಿ ಫ್ಯುಯೆಲ್ ಇಂಜೆಕ್ಷನ್ ಬಂದ ಮೇಲಂತೂ ಪೆಟ್ರೋಲಿನ ಪಂಪಿಗೂ ವಿದ್ಯುತ್ತೇ ಗತಿ. ಒಂದು ಕಾಲದಲ್ಲಿ ಅತಿಥಿಯಾಗಿದ್ದ ಬ್ಯಾಟರಿ ಈಗ ಮನೆಯ ಯಜಮಾನ.

ಉಳಿದ ದೋಷಗಳನ್ನು ಸಾಬರು ಹೆಚ್ಚು ಮಾತಿಲ್ಲದೆ ನಿವಾರಿಸುತ್ತಾರೆ. ಕಾಯ್ಲಿನ ತುದಿಗಳಿಂದ ಬರುವ ಎ.ಸಿ. ವೋಲ್ಟೇಜು ಎಕ್ಸಿಲೇಟರಿನೊಡನೆ ಏರದಿದ್ದರೆ ಕಾಯ್ಲು ಸುಟ್ಟಿದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಗಾಗುವುದರೊಳಗೆ ಡೌನಾಗುತ್ತಿದ್ದರೆ, ಕೀಲಿಕೈ ತೆಗೆದಿಟ್ಟು ನೆಗೆಟಿವ್ ವೈರನ್ನು ಬಿಚ್ಚಿ, ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ಸೋರಿಕೆಯನ್ನು ನೋಡುವುದು; ತಪ್ಪಿತಸ್ಥ ಬಹುಮಟ್ಟಿಗೆ ಹೊರಗಿನಿಂದ ಹಾಕಿಸಿದ ಅಲಾರಮ್ಮೋ, ಮೊಬೈಲ್ ಚಾರ್ಜರೋ ಆಗಿರುತ್ತದೆ. ಟರ್ಮಿನಲ್ಲಿನ ಬಿಳಿಯ ಬೂಷ್ಟನ್ನು ಅಡುಗೆ ಸೋಡದ ಬಿಸಿನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನು ಸವರುತ್ತಾರೆ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಪಾಸಿಟಿವ್ ಮೊದಲು ಎಂಬ ಕ್ರಮದಲ್ಲಿ ತಪ್ಪಿದ ಹುಡುಗನಿಗೆ ಬೈಗುಳ ಖಚಿತ, ಏಕೆಂದರೆ ಸ್ಪ್ಯಾನರು ಚಾಸಿಗೆ ತಗುಲಿದ ಕ್ಷಣದಲ್ಲಿ ಕಿಡಿ ಹಾರುವುದು ಆ ಕ್ರಮಭಂಗದಿಂದಲೇ.

ಗಾಡಿಯಲ್ಲಿ ಯಾವ ದೋಷವೂ ಇಲ್ಲದಿರುವ ಪ್ರಸಂಗಗಳೂ ಉಂಟು. ಮನೆಯಿಂದ ತರಕಾರಿ ಅಂಗಡಿಗೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಪ್ರತಿ ನಿಲುಗಡೆಗೂ ಸೆಲ್ಫ್ ಒತ್ತುತ್ತಾ ಹೋದರೆ, ಒಂದು ಬಾರಿ ಖರ್ಚಾದ ವಿದ್ಯುತ್ತು ಹಿಂದಿರುಗುವ ಮೊದಲೇ ಇನ್ನೊಂದು ಖರ್ಚು ಬೀಳುತ್ತದೆ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಇಂಜಿನ್ನು ತೂಕಡಿಸುವಾಗ ಕಾಯ್ಲಿನ ಉತ್ಪತ್ತಿ ಅತ್ಯಲ್ಪ. 2017ರ ಏಪ್ರಿಲ್ಲಿನಿಂದ ತಯಾರಾದ ಗಾಡಿಗಳಲ್ಲಿ ಹಗಲಿನಲ್ಲೂ ಹೆಡ್‌ಲೈಟು ಆರುವಂತಿಲ್ಲ. ಇಂಥವರಿಗೆ ಸಾಬರ ಸಲಹೆ: ಬೆಳಗ್ಗೆ ಮೊದಲ ಸಲ ಕಿಕ್ ಹೊಡೆಯಿರಿ, ವಾರಕ್ಕೊಮ್ಮೆ ತುಮಕೂರು ರಸ್ತೆಯ ಕಡೆಗೆ ಒಂದು ಸುತ್ತು ಹೋಗಿಬನ್ನಿ. ಹಣ ಕೊಡಲು ಬಂದವರಿಗೆ ಇಂಥ ಸಲಹೆ ರುಚಿಸುವುದಿಲ್ಲವೆಂಬುದು ಬೇರೆ ಮಾತು.

ಅಂಗಡಿಯ ಮೇಲಣ ಹಲಗೆಯಲ್ಲಿ ಗಾಜಿನ ಹೈಡ್ರೋಮೀಟರೊಂದಿದೆ. ಮುಚ್ಚಳ ತೆರೆದು ಡಿಸ್ಟಿಲ್ಡ್ ವಾಟರ್ ತುಂಬಬಹುದಾಗಿದ್ದ ಬ್ಯಾಟರಿಗಳ ಕಾಲದಲ್ಲಿ, ಆರು ಕೋಶಗಳಿಂದಲೂ ಆಸಿಡ್ಡನ್ನು ಹೀರಿ ಸಾಂದ್ರತೆ ನೋಡುತ್ತಿದ್ದರು, 1.260ಕ್ಕೆ ಮೇಲಿದ್ದರೆ ಆರೋಗ್ಯ, ಐದು ಕೋಶಗಳು ಸರಿಯಿದ್ದು ಒಂದೇ ಕೆಳಗಿಳಿದಿದ್ದರೆ ಆ ಕೋಶ ಸತ್ತಿದೆ. ಈಗಿನ ಸೀಲ್ಡ್ ಬ್ಯಾಟರಿಗಳ ಒಳಗನ್ನು ನೋಡುವಂತಿಲ್ಲ. ಹೈಡ್ರೋಮೀಟರಿನ ಪಕ್ಕದಲ್ಲಿಯೇ ಕೈಯಿಂದ ತಿರುಗಿಸುವ ಕಾಯ್ಲ್ ಸುತ್ತುವ ಯಂತ್ರವಿದೆ. ಸುಟ್ಟ ಕಾಯ್ಲಿನ ತಂತಿಯನ್ನು ಬಿಚ್ಚುತ್ತಾ ಸುತ್ತುಗಳನ್ನು ಎಣಿಸಿಕೊಂಡು, ಅಷ್ಟೇ ಸುತ್ತು ಅದೇ ಗೇಜಿನ ಎನಾಮಲ್ ತಂತಿಯನ್ನು ಬಿಗಿಯಾಗಿ ಕಟ್ಟಿ, ವಾರ್ನಿಷಿನಲ್ಲಿ ಅದ್ದಿ ಒಣಗಿಸುವ ಆ ಕೆಲಸಕ್ಕೆ ಹಿಂದೆ ಹಾಸನ, ಕೋಲಾರಗಳಿಂದಲೂ ಪಾರ್ಸಲ್ಲುಗಳು ಬರುತ್ತಿದ್ದವೆಂದು ಸಾಬರು ಹೇಳುವಾಗ, ಅವರ ಧ್ವನಿಯಲ್ಲಿ ಅಭಿಮಾನ ತುಂಬಿ ಬರುತ್ತದೆ. ಈಗ ರೆಡಿಮೇಡ್ ಕಾಯ್ಲು ಸಿಗುತ್ತದೆ, ಜನರಿಗೆ ಕಾಯಲು ಪುರುಸೊತ್ತಿಲ್ಲ.

ನನಗೆ ಅನ್ಯಾಯವೆನಿಸುವುದು ಇನ್ನೊಂದು ವಿಷಯ. ಬ್ಯಾಟರಿ ಮಾರಿದರೆ ಅಂಗಡಿಗೆ ಕಮಿಷನ್ ಸಿಗುತ್ತದೆ. ದೋಷ ಕಂಡುಹಿಡಿದರೆ ಸಿಗುವುದು ಗಿರಾಕಿಯ ಚೌಕಾಸಿ ಮಾತ್ರ. “ಒಂದು ವೈರು ಜೋಡ್ಸಿದ್ದಕ್ಕೆ ಇಷ್ಟಾ ಅಂತಾರೆ ಸ್ವಾಮಿ. ಜೋಡ್ಸಿದ್ದಕ್ಕಲ್ಲ, ಯಾವ ವೈರು ಅಂತ ಹುಡುಕಿದ್ದಕ್ಕೆ.” ಹುಡುಕುವ ವಿದ್ಯೆಗೆ ಬೆಲೆಪಟ್ಟಿಯಿಲ್ಲದ ವ್ಯವಸ್ಥೆಯಲ್ಲಿ, ಹುಡುಕದೆ ಬದಲಿಸುವವನೇ ಸುಖಿ.

ಚೇತಕ್ ಎಂಬ ಹೆಸರು 2020ರಲ್ಲಿ ಮರಳಿ ಬಂದಿದೆ, ವಿದ್ಯುತ್ ಸ್ಕೂಟರಿನ ಮೇಲೆ, ಮೊದಮೊದಲು ಪುಣೆ ಮತ್ತು ಬೆಂಗಳೂರುಗಳಲ್ಲಿ. ಅದರಲ್ಲಿ ಮ್ಯಾಗ್ನೆಟ್ಟು, ಕಾಯ್ಲು, ಆರ್.ಆರ್. ಯಾವುದೂ ಈ ಓಣಿಯವರು ಬಲ್ಲ ರೂಪದಲ್ಲಿಲ್ಲ. ಸಾಬರ ಶಾಗಿರ್ದರಲ್ಲೊಬ್ಬ ಅಂಥ ಗಾಡಿಗಳ ಸರ್ವೀಸ್ ಕೇಂದ್ರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಾನೆ. ಇನ್ನೊಬ್ಬ ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುತ್ತಾನೆ. ಈಗ ಅಂಗಡಿಯಲ್ಲಿರುವ ಹುಡುಗನಿಗೆ ಮೀಟರು ಹಿಡಿಯುವುದು ಚೆನ್ನಾಗಿ ಬರುತ್ತದೆ, ಬಲ್ಬಿನ ಮರ್ಮವೂ ಒಂದಿಷ್ಟು ಹಿಡಿದಿದೆ. ಕಾಯ್ಲು ಕಟ್ಟುವುದನ್ನು ಕಲಿಯಲು ಅವನಿಗೆ ಮನಸ್ಸಿಲ್ಲ. ಕಲಿಯೆಂದು ಒತ್ತಾಯಿಸಲು ಸಾಬರಿಗೂ ಈಚೆಗೆ ಬಾಯಿ ಬರುತ್ತಿಲ್ಲ. ಆ ಕೆಲಸದಿಂದ ಅವನ ಸಂಸಾರ ನಡೆದೀತೆಂದು ಅವನ ತಾಯಿಗೆ ಹೇಳುವ ಧೈರ್ಯ ತಮಗಿಲ್ಲವೆನ್ನುತ್ತಾರೆ.