ಮನೆಯ ಗಣಕದಲ್ಲಿ ಸರಿಯಾದದ್ದು ಜಾಲದಲ್ಲೇಕೆ ತಪ್ಪುವುದು?

ಇಂಡಿಯ ನಿಂಬೆಯ ತೋಟಗಳು, ಸಿಂದಗಿಯ ಎರೆನೆಲದ ಜೋಳ ತೊಗರಿಗಳು, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಹರಿಯುವ ಕೃಷ್ಣೆ, ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಸವನ ಬಾಗೇವಾಡಿಯ ದೇವಾಲಯ, ಹೀಗೆ ವಿಜಯಪುರ ಜಿಲ್ಲೆಯ ನಾಲ್ಕು ಸ್ಥಳಗಳನ್ನು ಚಿತ್ರಸಹಿತವಾಗಿ ವರ್ಣಿಸುವ ಜಾಲಪುಟವೊಂದನ್ನು, ಕೋಡಿಂಗ್ ಕಲಿಯಲು ಆಗತಾನೆ ತೊಡಗಿದ ವಿದ್ಯಾರ್ಥಿನಿಯೊಬ್ಬಳು ರಚಿಸಿದಳೆಂದು ಭಾವಿಸೋಣ. ತನ್ನ ಗಣಕಯಂತ್ರದಲ್ಲಿ ಸರ್ವಾಂಗಸುಂದರವಾಗಿ ಕಾಣಿಸಿದ ಆ ಪುಟವನ್ನು ಗಿಟ್‌ಹಬ್ ಪೇಜಸ್‌ನಂತಹ ಉಚಿತ ತಾಣಕ್ಕೆ ಏರಿಸಿ ಗೆಳತಿಯ ಮೊಬೈಲಿನಲ್ಲಿ ತೆರೆದಾಗ, ಎರಡು ಚಿತ್ರಗಳು ಮಾಯವಾಗಿ, ಕನ್ನಡದ ವಿವರಣೆಯ ಸ್ಥಾನದಲ್ಲಿ ಅರ್ಥಶೂನ್ಯವಾದ ರೋಮನ್ ಅಕ್ಷರಗಳ ರಾಶಿ ಗೋಚರಿಸಿದರೆ, ತನ್ನ ಬುದ್ಧಿಯೇ ಮಂದವೆಂದು ಅವಳು ಖಿನ್ನಳಾಗುವುದುಂಟು. ಹಾಗೆ ಖಿನ್ನಳಾಗಲು ಕಾರಣವಿಲ್ಲ. ಅವಳ ಗಣಕವು, ಅವಳ ಅರಿವಿಗೆ ಬಾರದಂತೆ, ಅನೇಕ ಕೊರತೆಗಳನ್ನು ತಾನೇ ತುಂಬಿಕೊಡುತ್ತಿತ್ತು. ಜಾಲದ ಆಚೆಗಿರುವ ಯಂತ್ರಕ್ಕೆ ಆ ಔದಾರ್ಯವಿಲ್ಲ.

ಮೊದಲು ಚಿತ್ರಗಳ ವಿಚಾರ. ವಿಂಡೋಸ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ಕ್ಯಾಪಿಟಲ್ ಅಕ್ಷರಕ್ಕೂ ಸಣ್ಣಕ್ಷರಕ್ಕೂ ಭೇದವೆಣಿಸದು. ಬಹುಪಾಲು ಸರ್ವರುಗಳಿಗೆ ಆಧಾರವಾದ ಲಿನಕ್ಸ್ ಅವೆರಡನ್ನೂ ಬೇರೆ ಬೇರೆ ಹೆಸರುಗಳೆಂದೇ ಗಣಿಸುವುದು. ಆದಕಾರಣ ಇಂಡಿಯ ಚಿತ್ರವನ್ನು ಕ್ಯಾಪಿಟಲ್ ‘ಐ’ಯಿಂದ ಹೆಸರಿಸಿ, ಪುಟದೊಳಗೆ ಸಣ್ಣ ‘ಐ’ಯಿಂದ ಕರೆದರೆ, ಮನೆಯಲ್ಲಿ ಕಾಣುವ ಚಿತ್ರ ಜಾಲದಲ್ಲಿ ಕಾಣದು. ಚಿತ್ರದ ವಿಳಾಸವು ‘ಸಿ ಡ್ರೈವ್’ನಿಂದ ಪ್ರಾರಂಭವಾಗಿದ್ದರೂ ಇದೇ ಗತಿ, ಏಕೆಂದರೆ ಆ ಡ್ರೈವ್ ಇರುವುದು ಅವಳ ಮೇಜಿನ ಮೇಲೆ ಮಾತ್ರ. ಊಹಿಸುತ್ತ ಕುಳಿತಿರಬೇಕಾಗಿಲ್ಲ: ಎಫ್12 ಕೀಲಿಯನ್ನೊತ್ತಿ ‘ನೆಟ್‌ವರ್ಕ್’ ವಿಭಾಗವನ್ನು ತೆರೆದು, ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿದರೆ, ಯಾವ ಕಡತದ ಮುಂದೆ 404 ಎಂಬ ಸಂಖ್ಯೆ ಕಾಣುವುದೋ ಆ ಕಡತವು ಕೇಳಿದ ವಿಳಾಸದಲ್ಲಿ ಇಲ್ಲವೆಂದೇ ತಿಳಿಯತಕ್ಕದ್ದು. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲಿಯೇ ಬರೆದು, ಬಸವನ ಬಾಗೇವಾಡಿಯಂತಹ ಎರಡು ಪದಗಳ ನಡುವೆ ತೆರಪು ಬಿಡದೆ ಅಡ್ಡಗೆರೆಯನ್ನಿಡುವುದು ಕ್ಷೇಮ.

ಅಕ್ಷರಗಳ ಸಮಸ್ಯೆ ಇದಕ್ಕಿಂತ ಗಹನವಾದುದು, ಮತ್ತು ವಿಶೇಷವಾಗಿ ನಮ್ಮದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾಗಲಿ, ಶೇಷಾದ್ರಿವಾಸು ಅವರ ‘ಬರಹ’ವಾಗಲಿ ಕನ್ನಡಕ್ಕೆ ಸಲ್ಲಿಸಿದ ಸೇವೆ ಅಪಾರ, ಆದರೆ ಅವುಗಳ ಹಳೆಯ ಅಕ್ಷರವಿನ್ಯಾಸಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಆರೋಪಿಸಿದ್ದವು. ಆ ಫಾಂಟ್ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಬರಿಯ ರೋಮನ್ ಗೋಜಲು. ಮುದ್ರಣಾಲಯದಲ್ಲಿ ಬೆರಳಚ್ಚಾದ ಲೇಖನವನ್ನು ಹಾಗೆಯೇ ತಂದು ಪುಟಕ್ಕೆ ಅಂಟಿಸಿದವರಿಗೆಲ್ಲ ಈ ಅನುಭವವಾಗಿರಲೇಬೇಕು. ಪಠ್ಯವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದು, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದುವುದೇ ಇದಕ್ಕೆ ಪರಿಹಾರ.

ಯುನಿಕೋಡಿನಲ್ಲಿಯೇ ಬರೆದರೂ ಕೆಡುವ ಇನ್ನೊಂದು ಬಗೆಯುಂಟು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟುಗಳನ್ನು ಆಕ್ರಮಿಸುವುದು. ಪುಟವು ಯುಟಿಎಫ್-8 ಎಂದು ತನ್ನ ಆರಂಭದಲ್ಲಿಯೇ ಘೋಷಿಸದಿದ್ದರೆ, ಬ್ರೌಸರ್ ಆ ಮೂರನ್ನೂ ಬಿಡಿ ಅಕ್ಷರಗಳೆಂದು ಓದಿಬಿಡಬಹುದು. ಒಂದೇ ಚಿಹ್ನೆ ಮತ್ತೆ ಮತ್ತೆ, ಮೂರು ಮೂರರ ಗುಂಪಿನಲ್ಲಿ ಕಾಣಿಸಿದರೆ ಇದೇ ದೋಷವೆಂದೂ, ಒಂದು ಯಂತ್ರದಲ್ಲಿ ಸರಿಯಾದ ಕನ್ನಡವು ಇನ್ನೊಂದರಲ್ಲಿ ರೋಮನ್ ಆದರೆ ಹಿಂದೆ ಹೇಳಿದ ಫಾಂಟಿನ ದೋಷವೆಂದೂ ಬಗೆಯಬಹುದು.

ತಿದ್ದಿದ ಮೇಲೂ ಹಳೆಯ ಪುಟವೇ ಕಾಣುತ್ತಿದ್ದರೆ ಬ್ರೌಸರ್ ತನ್ನ ಸಂಗ್ರಹದಿಂದ ಹಳೆಯ ಪ್ರತಿಯನ್ನು ತೋರಿಸುತ್ತಿರಬಹುದು. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಕೂಡಿಸಿ ಒತ್ತಿ ನೋಡಬೇಕು. ಶಾಲೆಯ ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವಲ್ಲಿ, ಪುಟವನ್ನು ಬೇರೊಬ್ಬರ ಮೊಬೈಲಿನಲ್ಲಿ ತೆರೆದು ತೋರಿಸದ ಹೊರತು ಅಭ್ಯಾಸ ಪೂರ್ಣವಾಗಲಿಲ್ಲವೆಂದು ಅಧ್ಯಾಪಕರು ನಿಯಮ ಮಾಡುವುದು ಉಚಿತವೆಂದು ನನ್ನ ದೃಢವಾದ ಅಭಿಪ್ರಾಯ.

ಇದೇ ವಿದ್ಯಾರ್ಥಿನಿ ಮುಂದೆ ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮನ್ನು ಬರೆದು ದಿನದಿನದ ನಿಂಬೆಯ ಧಾರಣೆಯನ್ನು ಪ್ರಕಟಿಸತೊಡಗಿದರೆ, ನಸುಕಿನಲ್ಲಿ ನೋಡಿದವರಿಗೆ ನಿನ್ನೆಯ ದಿನಾಂಕವೇ ಕಾಣಬಹುದು. ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ನಮಗಿಂತ 5 ಗಂಟೆ 30 ನಿಮಿಷ ಹಿಂದಿರುವ ಯುಟಿಸಿಯನ್ನು ಅನುಸರಿಸುವುದರಿಂದ, ನಮ್ಮ ಬೆಳಗಿನ ಐದೂವರೆಯವರೆಗೂ ಅಲ್ಲಿ ಹಿಂದಿನ ದಿನವೇ ನಡೆಯುತ್ತಿರುವುದು. ಪ್ರೋಗ್ರಾಮಿನಲ್ಲಿ ‘ಏಷ್ಯಾ/ಕೋಲ್ಕತಾ’ ಎಂಬ ಕಾಲವಲಯವನ್ನು ಹೆಸರಿಸಿದರೆ, ಸರ್ವರ್ ಯಾವ ದೇಶದಲ್ಲಿದ್ದರೂ ಪುಟದ ದಿನಾಂಕ ಇಂಡಿಯ ನಡುರಾತ್ರಿಗೇ ಬದಲಾಗುವುದು.